ಸಿಬಿಲ್ 780 ಇದ್ದರೂ ಅಮೆರಿಕದಲ್ಲಿ ಎರಡು ಕ್ರೆಡಿಟ್ ಕಾರ್ಡ್ ರಿಜೆಕ್ಟ್: ಪ್ರತಿಕ್ರಿಯೆ

ಸಿಬಿಲ್ (ಭಾರತದ ಕ್ರೆಡಿಟ್ ಸ್ಕೋರ್) 780 ಇದ್ದರೂ ಅಮೆರಿಕದಲ್ಲಿ ಎರಡು ಕಾರ್ಡ್ ಅರ್ಜಿ ರಿಜೆಕ್ಟ್ ಆದವು, ಯಾಕೆ ಎಂದು ಕೇಳಿದ್ದೀರಿ. ಮಂಡ್ಯದಲ್ಲಿ ಹೋಮ್ ಲೋನ್ ಕಟ್ಟಿ ಗಳಿಸಿದ ಆ ಸ್ಕೋರ್ ಡಲ್ಲಾಸ್‌ನ ಬ್ಯಾಂಕಿಗೆ ಕಾಣುವುದೇ ಇಲ್ಲ. ಅಲ್ಲಿನ ಕ್ರೆಡಿಟ್ ಬ್ಯೂರೋಗಳಲ್ಲಿ (ಸಾಲದ ದಾಖಲೆ ಇಡುವ ಸಂಸ್ಥೆಗಳಲ್ಲಿ) ನಿಮ್ಮ ಫೈಲೇ ಇಲ್ಲದಿರುವುದು ಕಾರಣ ಇರಬೇಕು. ರಿಜೆಕ್ಷನ್ ಲೆಟರ್ ನೋಡದೆ ಖಚಿತವಾಗಿ ಹೇಳಲಾಗದು, ಮೊದಲು ಅದನ್ನು ಓದಿ. ಸಿಕ್ಕಸಿಕ್ಕಲ್ಲಿ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯ ಗುರುತೂ ಕ್ರೆಡಿಟ್ ರಿಪೋರ್ಟ್‌ನಲ್ಲಿ 2 ವರ್ಷದವರೆಗೆ ಉಳಿಯುತ್ತದೆ.

ಆಮೇಲೆ ಹೆಸರು. ನಮ್ಮ ಕಡೆಯವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಕಾಲಂ ಎಷ್ಟೋ ಸಲ ಖಾಲಿ. ಆಗ ವೀಸಾದಲ್ಲಿ ಪೂರ್ತಿ ಹೆಸರು ಸರ್‌ನೇಮ್‌ಗೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಕೂರುತ್ತದೆ. ಬ್ಯಾಂಕಿನಲ್ಲಿ ಇನ್ನೊಂದು ಥರ ಇದ್ದರೆ ತಾಳೆಯಾಗದೆ ಒದ್ದಾಟ. ಸೋಶಿಯಲ್ ಸೆಕ್ಯುರಿಟಿ ಕಾರ್ಡ್‌ನಲ್ಲಿ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆಯ ಕಾರ್ಡ್) ಇದ್ದಂತೆಯೇ ಎಲ್ಲ ಕಡೆ ಬರೆಸಿ.

ಇದಾದ ಮೇಲೆ ಸಂಬಳ ಬೀಳುವ ಬ್ಯಾಂಕಿನಲ್ಲೇ ಸೆಕ್ಯೂರ್ಡ್ ಕಾರ್ಡ್ (ಠೇವಣಿ ಇಟ್ಟು ಪಡೆಯುವ ಕ್ರೆಡಿಟ್ ಕಾರ್ಡ್) ಕೇಳಿ. ಸಾಮಾನ್ಯವಾಗಿ 200–300 ಡಾಲರ್ ಠೇವಣಿ, ಲಿಮಿಟ್ಟೂ ಅಷ್ಟೇ. 300 ಲಿಮಿಟ್‌ಗೆ ಸ್ಟೇಟ್‌ಮೆಂಟ್‌ನಲ್ಲಿ 30 ಡಾಲರ್ ಆಸುಪಾಸು ಬರುವಂತೆ ಬಳಸಿ, ಪೂರ್ತಿ ಕಟ್ಟಿ. ಮಿನಿಮಮ್ ಡ್ಯೂ ಕಟ್ಟಿ ಬಡ್ಡಿ ತೆರಬೇಡಿ. ಫೈಕೋ (ಅಲ್ಲಿನ ಕ್ರೆಡಿಟ್ ಸ್ಕೋರ್) ಹುಟ್ಟಲು ಕನಿಷ್ಠ 6 ತಿಂಗಳು ಬೇಕು.

ಅಷ್ಟು ತಡೆಯಲಾಗದಿದ್ದರೆ ಅಮೆರಿಕನ್ ಎಕ್ಸ್‌ಪ್ರೆಸ್ ಒಂದಕ್ಕೆ ಹಾಕಿ ನೋಡಿ. ಅವರ ಅರ್ಜಿಯಲ್ಲಿ ಭಾರತದ ಕ್ರೆಡಿಟ್ ಹಿಸ್ಟರಿ ಪರಿಗಣಿಸುವ ವ್ಯವಸ್ಥೆ ಇದೆ.