ಕ್ರ್ಯಾಕ್ ತೆಗೆದರೆ ಮಿಲ್ಲಿನ ಲೆಕ್ಕ ನಿಂತುಹೋಗುತ್ತಾ?

ಪ್ರಶ್ನೆ: ನಮ್ಮದು ಕಾರಟಗಿಯಲ್ಲಿ ರೈಸ್ ಮಿಲ್, ಮೂವರು ಪಾಲುದಾರರು. ಆಫೀಸಿನಲ್ಲಿ 7 ಕಂಪ್ಯೂಟರ್ ಇವೆ. ಲೆಕ್ಕ ಬರೆಯುವ ಟ್ಯಾಲಿಯನ್ನು ದುಡ್ಡು ಕೊಟ್ಟು ತಗೊಂಡಿದ್ದೇವೆ. ಉಳಿದದ್ದನ್ನೆಲ್ಲ ಕಂಪ್ಯೂಟರ್ ಅಂಗಡಿಯವನೇ ಹಾಕಿಕೊಟ್ಟಿದ್ದ, ನಾವೂ ವಿಚಾರಿಸಲಿಲ್ಲ. ಹೋದ ತಿಂಗಳು ಒಂದು ಸಾಫ್ಟ್‌ವೇರ್ ಕಂಪನಿಯ ಹೆಸರಲ್ಲಿ ಇಮೇಲ್ ಬಂತು, ಎಷ್ಟು ಕಂಪ್ಯೂಟರ್ ಇವೆ, ಎಷ್ಟಕ್ಕೆ ಲೈಸೆನ್ಸ್ ಇದೆ ತಿಳಿಸಿ ಅಂತ. ಮಗ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕೋಣ ಅಂತಾನೆ, ಗುಮಾಸ್ತರು ಒಪ್ಪುತ್ತಿಲ್ಲ. ಏನು ಮಾಡಬೇಕು?
- ಹೆಸರು ಬೇಡ, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಮೊದಲು ಆ ಇಮೇಲ್ ವಿಷಯ. ಗಾಬರಿಯಲ್ಲಿ ಉತ್ತರ ಬರೆಯಬೇಡಿ, ಹಾಗಂತ ಅಳಿಸಿಯೂ ಹಾಕಬೇಡಿ. ಇಂಥ ಹೆಸರಲ್ಲಿ ಮೋಸದ ಇಮೇಲ್‌ಗಳೂ ಬರುತ್ತವೆ, ಅದಕ್ಕೇ ಒಳಗಿರುವ ಲಿಂಕ್ ಒತ್ತದೆ ಕಂಪನಿಯ ಜಾಲತಾಣದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ನಿಜವೇ ಆಗಿದ್ದರೆ ವಕೀಲರಿಗೆ ತೋರಿಸಿ, ಕಂಪನಿಯವರಿಂದ ಸ್ವಲ್ಪ ಸಮಯ ಕೇಳಿ. ಸುಳ್ಳು ಲೆಕ್ಕ ಕೊಡುವುದು ಬೇಡ. ವಕೀಲರನ್ನು ಕೇಳುವ ಮೊದಲೇ ರಾತ್ರೋರಾತ್ರಿ ಎಲ್ಲ ಕಂಪ್ಯೂಟರ್ ಒರೆಸಿ ಹಾಕುವುದೂ ಬೇಡ.

ಅಂಗಡಿಯವನು ಹಾಕಿದ್ದು ಅನ್ನುವ ಮಾತು ಇನ್ನು ನಡೆಯುವುದಿಲ್ಲ, ಯಾಕೆಂದರೆ ಈಗ ನಿಮಗೆ ಗೊತ್ತಾಗಿದೆ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಹಿಡಿಯುವುದೇ ಅದನ್ನ. ನಕಲಿ ಅಂತ ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ ಕನಿಷ್ಠ 7 ದಿನ, ಹೆಚ್ಚೆಂದರೆ 3 ವರ್ಷ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕೋ ವ್ಯಾಪಾರಕ್ಕೋ ಬಳಸದವರಿಗೆ ಕೋರ್ಟು ಜೈಲು ತಪ್ಪಿಸಬಹುದು, ಆದರೆ ಮಿಲ್ಲು ಅಂದರೆ ವ್ಯಾಪಾರವೇ ಅಲ್ವಾ.

ನನಗೆ ದಂಡಕ್ಕಿಂತ ಜಾಸ್ತಿ ಭಯ ಇನ್ನೊಂದರದ್ದು. ಕ್ರ್ಯಾಕ್, ಅಂದರೆ ಲೈಸೆನ್ಸಿನ ಬೀಗ ಒಡೆದ ನಕಲಿ ಸಾಫ್ಟ್‌ವೇರ್, ಹಾಕುವಾಗ ಸಾಮಾನ್ಯವಾಗಿ ಮೊದಲು ಹೇಳುವುದೇ ಆ್ಯಂಟಿವೈರಸ್ ಆಫ್ ಮಾಡಿ ಅಂತ. ರಾಶಿ ಮಾಡಿದ ಕಣದಲ್ಲಿ ಕಾವಲಿನವನನ್ನು ನೀವೇ ಮನೆಗೆ ಕಳಿಸಿದ ಹಾಗೆ. ಬಳ್ಳಾರಿಯಲ್ಲಿ ನನಗೆ ಗೊತ್ತಿರುವ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಫೈಲ್‌ಗಳೆಲ್ಲ ಲಾಕ್ ಆಗಿದ್ದವು, ಬಿಡಿಸಬೇಕಾದರೆ ದುಡ್ಡು ಕೊಡಿ ಅನ್ನುವ ಸಂದೇಶ ಬೇರೆ. ಯಾರಿಂದ ಎಷ್ಟು ಬಾಕಿ ಬರಬೇಕು ಅನ್ನುವುದನ್ನು ಗಂಡ ಹೆಂಡತಿ ಇಬ್ಬರೂ ಕೂತು ಹಳೇ ಬಿಲ್ ಕಂತೆ ಬಿಚ್ಚಿ ಮತ್ತೆ ಬರೆದರು. ಬಿಲ್ ಸಿಗದ ಬಾಕಿ ಬರಲೇ ಇಲ್ಲ. ನಿಮಗೆ ಹಾಗಾಗಬಾರದು.

ಈಗ ಕೆಲಸದ ಮಾತು. ಒಂದು ನೋಟ್‌ಬುಕ್ ತಗೊಳ್ಳಿ. ಒಂದೊಂದು ಕಂಪ್ಯೂಟರಿಗೆ ಒಂದೊಂದು ಪುಟ. ಅದರಲ್ಲಿ ಏನೇನಿದೆ, ಬಿಲ್ ಇದೆಯಾ, ಅದರ ಮುಂದೆ ಕೂರುವವರು ದಿನಾ ನಿಜವಾಗಿ ಏನು ಬಳಸುತ್ತಾರೆ, ಇಷ್ಟು ಬರೆಯಿರಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಶನ್ ಅಂತ ಒಂದು ಪುಟ ಇದೆ. ಅಲ್ಲಿ 'ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸರ್ವಿಸ್ ಮೂಲಕ' ಅನ್ನುವ ಅರ್ಥದ ಸಾಲು ಕಂಡರೆ ಅನುಮಾನ ಪಡಿ, ಅದು ದೊಡ್ಡ ಕಂಪನಿಗಳ ವ್ಯವಸ್ಥೆ, 7 ಕಂಪ್ಯೂಟರಿನ ಮಿಲ್ಲಿನಲ್ಲಿ ಅದಕ್ಕೇನು ಕೆಲಸ? ಹೊಸ ಕಂಪ್ಯೂಟರಿನ ಜೊತೆ ಬಂದ ವಿಂಡೋಸ್ ಆಗಿದ್ದರೆ ಅದು ಒಇಎಂ ಲೈಸೆನ್ಸ್, ಆ ಯಂತ್ರಕ್ಕೆ ಮಾತ್ರ. ಯಂತ್ರ ಗುಜರಿಗೆ ಹೋದರೆ ಲೈಸೆನ್ಸೂ ಅದರ ಜೊತೆಗೇ ಹೋಯಿತು. ಇನ್ನೊಂದು, 'ಹೋಮ್ ಅಂಡ್ ಸ್ಟೂಡೆಂಟ್' ಅಂತ ಬರೆದಿರುವ ಆಫೀಸ್ ಇದ್ದರೆ, ಅದಕ್ಕೆ ದುಡ್ಡು ಕೊಟ್ಟಿದ್ದರೂ, ಮಿಲ್ಲಿನಲ್ಲಿ ಬಳಸುವ ಹಾಗಿಲ್ಲ. ಅದು ಮನೆಗೆ ಮಾತ್ರ.

ನೋಟ್‌ಬುಕ್ ತುಂಬಿದ ಮೇಲೆ ನೋಡಿ, ಗುಮಾಸ್ತರು ಎಕ್ಸೆಲ್‌ನಲ್ಲಿ ಮಾಡುವುದು ಬಹುಶಃ ಕೂಡಿಸು, ಕಳೆ, ಲೋಡಿನ ಪಟ್ಟಿ, ನುಚ್ಚು ತೌಡಿನ ಲೆಕ್ಕ, ಪ್ರಿಂಟ್, ಇಷ್ಟೇ. ಅದಕ್ಕೆ ಲಿಬ್ರೆಆಫೀಸ್ ಧಾರಾಳ ಸಾಕು. 2010ರಲ್ಲಿ ಓಪನ್ ಆಫೀಸ್‌ನಿಂದ ಬೇರೆಯಾಗಿ ಬೆಳೆದ ತಂತ್ರಾಂಶ ಅದು, ಪುಕ್ಕಟೆ, ವ್ಯಾಪಾರಕ್ಕೂ ಬಳಸಬಹುದು, ಮೆನುಗಳು ಕನ್ನಡದಲ್ಲೂ ಸಿಗುತ್ತವೆ. ನಿಮ್ಮ ಮಗನಿಗೆ ನನ್ನ ಒಂದೇ ಕೋರಿಕೆ: ಲಿನಕ್ಸ್‌ನಿಂದ ಶುರು ಮಾಡಬೇಡಪ್ಪ. ಮೊದಲು ಈಗಿರುವ ವಿಂಡೋಸ್ ಮೇಲೇ ಲಿಬ್ರೆಆಫೀಸ್ ಹಾಕು. ಫೈಲ್ ಉಳಿಸುವಾಗ ತಾನಾಗಿಯೇ ಎಕ್ಸೆಲ್ ರೂಪದಲ್ಲಿ ಉಳಿಯುವ ಹಾಗೆ ಸೆಟ್ ಮಾಡು, ಇಲ್ಲದಿದ್ದರೆ ಆಡಿಟರಿಗೆ ಕಳಿಸಿದ ದಿನವೇ ಫೈಲ್ ತೆಗೆಯಲು ಬರುತ್ತಿಲ್ಲ ಅಂತ ಫೋನ್ ಬರಬಹುದು. ಮ್ಯಾಕ್ರೋ (ಕೆಲಸವನ್ನು ತಾನಾಗಿಯೇ ಮಾಡುವ ಸಣ್ಣ ಪ್ರೋಗ್ರಾಂ) ಇರುವ ಹಳೇ ಶೀಟ್ ಏನಾದರೂ ಇದ್ದರೆ ಅದನ್ನು ಬೇರೆಯಾಗಿ ಪರೀಕ್ಷೆ ಮಾಡು, ಅವು ಹಲವು ಸಲ ಕೈಕೊಡುತ್ತವೆ. ಗುಮಾಸ್ತರು ಎರಡು ತಿಂಗಳು ಇದರಲ್ಲಿ ಪಳಗಲಿ. ಅವರು ಒಪ್ಪದಿರುವುದು ಹಟಕ್ಕಲ್ಲ, ಲಾರಿ ನಿಂತಿರುವಾಗ ಬಿಲ್ ಹೊರಡದಿದ್ದರೆ ಬೈಸಿಕೊಳ್ಳುವವರು ಅವರೇ ತಾನೆ.

ಆಮೇಲೆ ಲಿನಕ್ಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ನಿಮ್ಮ ಹಳೇ ಯಂತ್ರಗಳು ವಿಂಡೋಸ್ 11ಕ್ಕೆ ಹೊಂದದಿದ್ದರೆ ಅವನ್ನು ಎಸೆಯಬೇಕಿಲ್ಲ, ಲಿನಕ್ಸ್‌ನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಚೆನ್ನಾಗಿ ಓಡುತ್ತೆ. ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ ನೋಡಬಹುದು, ಒಳಗಿರುವುದೇನೂ ಅಳಿಸುವುದಿಲ್ಲ. ನೋಡುವಾಗ ಮೊದಲು ಪ್ರಿಂಟರ್ ಪರೀಕ್ಷಿಸಿ. ನಮ್ಮ ಕಡೆ ಎಷ್ಟೋ ಆಫೀಸಿನಲ್ಲಿರುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರಿಗೆ ಲಿನಕ್ಸ್‌ನಲ್ಲಿ ಬೇರೆ ಡ್ರೈವರ್ (ಪ್ರಿಂಟರ್ ಓಡಿಸುವ ತಂತ್ರಾಂಶ) ಹಾಕಬೇಕು, ಅದು ಸ್ವಲ್ಪ ಕಾಡುತ್ತೆ.

ಟ್ಯಾಲಿ ಓಡುವ ಯಂತ್ರಗಳು, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಚುಚ್ಚುವ ಯಂತ್ರ, ಲಾರಿ ತೂಗುವ ವೇಬ್ರಿಡ್ಜ್‌ಗೆ ತಂತಿ ಜೋಡಿಸಿರುವ ಯಂತ್ರ, ಇವು ವಿಂಡೋಸ್‌ನಲ್ಲೇ ಇರಲಿ. ಅವಕ್ಕೆ ಬಿಲ್ ಸಮೇತ ಲೈಸೆನ್ಸ್ ತಗೊಳ್ಳಿ. ಲೆಕ್ಕಕ್ಕೂ ಇಆರ್‌ಪಿನೆಕ್ಸ್ಟ್, ಜಿಎನ್‌ಯು ಖಾತಾ ಅಂತ ಓಪನ್ ಸೋರ್ಸ್ (ಒಳಗಿನ ಕೋಡ್ ಯಾರು ಬೇಕಾದರೂ ನೋಡಿ ಬಳಸಬಹುದಾದ) ತಂತ್ರಾಂಶಗಳಿವೆ, ಎರಡೂ ನಮ್ಮ ದೇಶದಲ್ಲೇ ಹುಟ್ಟಿದವು. ಆದರೆ ನೀವು ಟ್ಯಾಲಿಗೆ ದುಡ್ಡು ಕೊಟ್ಟಾಗಿದೆ, ಆಡಿಟರಿಗೂ ಅದೇ ರೂಢಿ. ಜಿಎಸ್‌ಟಿ ಕಾನೂನಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು, ಹಳೇ ವರ್ಷಗಳು ಬೇಕಾದಾಗ ತೆರೆಯುವಂತಿರಬೇಕು. ಸುಮ್ನೆ ಅದನ್ನು ಕದಡಬೇಡಿ. ಮುಂದೆ ಮಿಲ್ಲನ್ನು ಪ್ರೈವೇಟ್ ಲಿಮಿಟೆಡ್ ಮಾಡುವ ಯೋಚನೆ ಇದ್ದರೆ ಇದೂ ಗೊತ್ತಿರಲಿ: ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕು ಅನ್ನುವ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಲೈಸೆನ್ಸಿಗೆ ಹೋಗದೆ ಉಳಿದ ದುಡ್ಡಿನಲ್ಲಿ ಸ್ವಲ್ಪ ಕಲಿಸುವವರಿಗೆ ಕೊಡಿ. ಪುಕ್ಕಟೆ ತಂತ್ರಾಂಶವನ್ನೂ ಯಾರೋ ಕೂತು ಹೇಳಿಕೊಡಬೇಕು. ಈ ಬದಲಾವಣೆಯನ್ನು ಭತ್ತ ಬರುವ ನವೆಂಬರ್, ಡಿಸೆಂಬರಿನಲ್ಲೂ, ಮಾರ್ಚಿನಲ್ಲೂ ಮಾಡಬೇಡಿ. ನಾಟಿ ಮುಗಿದು ಮಿಲ್ಲಿಗೆ ಆವಕ ಕಡಿಮೆ ಇರುವ ಆಗಸ್ಟ್, ಸೆಪ್ಟೆಂಬರ್ ಒಳ್ಳೆಯದು. ಬ್ಯಾಕಪ್ ಮಾತ್ರ ಇವತ್ತೇ ತಗೊಳ್ಳಿ.

ಪ್ರಶ್ನೆ: ರಾಯಚೂರಿನಲ್ಲಿ ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್ ಮಾಡುತ್ತೇನೆ. ಡಿಸೈನ್ ಮಾಡುವ ಕೋರೆಲ್‌ಡ್ರಾದ ನಕಲಿ ಪ್ರತಿ ಬಿಟ್ಟು ಪುಕ್ಕಟೆ ಸಿಗುವ ಇಂಕ್‌ಸ್ಕೇಪ್‌ಗೆ ಬಂದರೆ ಹೊಟ್ಟೆ ತುಂಬುತ್ತಾ?
- ಓದುಗರೊಬ್ಬರು, ರಾಯಚೂರು

ಉತ್ತರ: ಹೊಸ ಕೆಲಸಕ್ಕೆ ತುಂಬುತ್ತೆ, ಹಳೇ ಫೈಲ್‌ಗಳಿಗೆ ಪೂರ್ತಿ ಅಲ್ಲ. ಇಂಕ್‌ಸ್ಕೇಪ್ ಕೋರೆಲ್ ಫೈಲ್ ತೆರೆಯುತ್ತೆ, ಆದರೆ ಅಕ್ಷರ, ನೆರಳು ಜಾಗ ಬದಲಿಸುತ್ತವೆ. ಗಿರಾಕಿಗಳ ಹಳೇ ಡಿಸೈನ್ ಜಾಸ್ತಿ ಇದ್ದರೆ ಒಂದು ಲೈಸೆನ್ಸ್ ತಗೊಳ್ಳುವುದೇ ಮೇಲು. ಫ್ಲೆಕ್ಸ್ ಪ್ರಿಂಟ್‌ನವರು ಕೋರೆಲ್ ಫೈಲೇ ಬೇಕು ಅಂದರೆ ಅಕ್ಷರಗಳನ್ನು ಕರ್ವ್ ಮಾಡಿ (ಚಿತ್ರದ ಗೆರೆಗಳಾಗಿ ಬದಲಿಸಿ) ಪಿಡಿಎಫ್ ಕೊಡುತ್ತೇನೆ ಅಂತ ಕೇಳಿ ನೋಡಿ. ಆಫ್‌ಸೆಟ್ ಪ್ರೆಸ್ಸಿಗೆ ನಾಲ್ಕು ಬಣ್ಣದ ಪಿಡಿಎಫ್ ಬೇಕಾದಾಗ ಪುಟ ವಿನ್ಯಾಸದ ಪುಕ್ಕಟೆ ತಂತ್ರಾಂಶ ಸ್ಕ್ರೈಬಸ್ ಬಳಸಿ, ಇಂಕ್‌ಸ್ಕೇಪ್ ಅಲ್ಲಿ ಸೋಲುತ್ತೆ.

ಫಾಂಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫಾಂಟಿಗೂ ಲೈಸೆನ್ಸ್ ಇರುತ್ತೆ. ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಇವು ಯುನಿಕೋಡ್ (ಕಂಪ್ಯೂಟರ್, ಫೋನ್ ಎಲ್ಲಕ್ಕೂ ಅರ್ಥವಾಗುವ ಅಕ್ಷರ ಸಂಕೇತ) ಫಾಂಟ್‌ಗಳು, ಓಪನ್ ಲೈಸೆನ್ಸಿನವು. ಲಗ್ನಪತ್ರಿಕೆಯಲ್ಲಿ ಹಾಕಿ ದುಡ್ಡು ತಗೊಳ್ಳಲು ಯಾರ ಅಪ್ಪಣೆಯೂ ಬೇಡ. ಹಳೇ ನುಡಿ ಫಾಂಟಿನಲ್ಲಿ ಮಾಡಿದ್ದನ್ನು ಗಿರಾಕಿಯ ವಾಟ್ಸ್ಆ್ಯಪ್‌ಗೆ ಅಕ್ಷರವಾಗಿ ಕಳಿಸಿದರೆ ಗೀಚಿದ ಹಾಗೆ ಕಾಣುತ್ತಲ್ಲ, ಯುನಿಕೋಡಿನಲ್ಲಿ ಆ ತೊಂದರೆಯೂ ಇಲ್ಲ. ಲಿನಕ್ಸ್‌ನಲ್ಲಿ ಟೈಪ್ ಮಾಡಲು ನಿಮ್ಮ ಬೆರಳಿಗೆ ರೂಢಿಯಾದ ಕೆಜಿಪಿ (ನುಡಿಯ) ಕೀಲಿಮಣೆ ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶದಲ್ಲಿ ಸಿಗುತ್ತೆ.

ಪ್ರಶ್ನೆ: ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಟ್ಟು ಗಿರಾಕಿಯಿಂದ ದುಡ್ಡು ಕೇಳುವುದು ತಪ್ಪಾ?
- ಓದುಗರೊಬ್ಬರು, ಬಳ್ಳಾರಿ

ಉತ್ತರ: ಖಂಡಿತ ತಪ್ಪಲ್ಲ, ಧೈರ್ಯವಾಗಿ ಕೇಳಿ. ಓಪನ್ ಸೋರ್ಸ್ ಲೈಸೆನ್ಸ್‌ಗಳು ಅದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಪುಕ್ಕಟೆ ಸಿಗುವುದೆಲ್ಲ ಓಪನ್ ಸೋರ್ಸ್ ಅಲ್ಲ. ದೂರದಿಂದಲೇ ಬೇರೆ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನ ಉಚಿತ ಆವೃತ್ತಿ ಸ್ವಂತ ಬಳಕೆಗೆ ಮಾತ್ರ, ಅದರಿಂದ ಗಿರಾಕಿಗಳ ಕೆಲಸ ಮಾಡುತ್ತಿದ್ದರೆ ಲೈಸೆನ್ಸ್ ಬೇಕು. ಫೈಲ್ ಕುಗ್ಗಿಸುವ ವಿನ್‌ರಾರ್ 40 ದಿನದ ಪರೀಕ್ಷೆಗೆ ಕೊಟ್ಟದ್ದು, ಅದರ ಬದಲು 7-ಜಿಪ್ ಹಾಕಿಕೊಡಿ. ಏನೇನು ಹಾಕಿದಿರಿ ಅಂತ ಬಿಲ್ಲಿನ ಹಿಂದೆ ಬರೆದುಕೊಡಿ. ಕಾರಟಗಿಯ ಮಿಲ್ಲಿನವರಿಗೆ ಯಾರಾದರೂ ಹಾಗೆ ಬರೆದುಕೊಟ್ಟಿದ್ದರೆ ಇವತ್ತು ಮೇಲಿನ ಪ್ರಶ್ನೆಯೇ ಬರುತ್ತಿರಲಿಲ್ಲ.