ಕಾರು ಬಂದ ಮೇಲೆ ಕೈಯಲ್ಲಿ ಎಷ್ಟು ಉಳಿಯುತ್ತದೆ?

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಕಾರಿಗೆಂದೇ ಕೆಲವು ವರ್ಷಗಳಿಂದ ದುಡ್ಡು ಕೂಡಿಡುತ್ತಾ ಬಂದಿದ್ದೇವೆ. ಈಗ ಪೂರ್ತಿ ಬೆಲೆ ಕಟ್ಟುವಷ್ಟು ಆಗಿದೆ. ಕಟ್ಟಿಬಿಟ್ಟರೆ ಮಾತ್ರ ಮನೆಯ ಎರಡು ತಿಂಗಳ ಖರ್ಚಿನಷ್ಟು ಉಳಿಯುತ್ತದೆ, ಅಷ್ಟೇ. ನಮ್ಮ ಯಜಮಾನರಿಗೆ ಸಾಲ ಅಂದರೆ ಆಗುವುದಿಲ್ಲ. ಅವರು ಚಿಕ್ಕವರಿದ್ದಾಗ ನಮ್ಮ ಮಾವ ಸಾಲ ಮಾಡಿಕೊಂಡು ತುಂಬಾ ಕಷ್ಟಪಟ್ಟರಂತೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಆದರೆ ಶೋರೂಮಿನವರು ಒಂದು ಲೆಕ್ಕ ಬರೆದುಕೊಟ್ಟಿದ್ದಾರೆ. ಶೇ 9ರ ಬಡ್ಡಿಗೆ ಐದು ವರ್ಷದ ಸಾಲ ತೆಗೆದುಕೊಂಡು, ನಮ್ಮ ದುಡ್ಡನ್ನು ಶೇ 7ರ ಠೇವಣಿಯಲ್ಲಿಟ್ಟರೆ ನಮಗೇ ಲಾಭವಂತೆ. ನನಗೆ ಅದು ಸರಿ ಅನಿಸುತ್ತದೆ. ನನ್ನದು ವರ್ಷ ವರ್ಷ ನವೀಕರಿಸುವ ಗುತ್ತಿಗೆ ಕೆಲಸ. ಈ ವಿಷಯಕ್ಕೆ ಮನೆಯಲ್ಲಿ ಮಾತೇ ನಿಂತುಹೋಗಿದೆ. ಯಾರು ಸರಿ? ಕಾರನ್ನು ಯಾರ ಹೆಸರಿಗೆ ಮಾಡಿಸಬೇಕು?

ಉತ್ತರ: ಮೊದಲು ಆ ಲೆಕ್ಕದ ಚೀಟಿ ನೋಡೋಣ. ನಿಮ್ಮ ಮನೆಯ ಜಗಳಕ್ಕೆ ಅರ್ಧ ಕಾರಣ ಅದೇ.

ಕಾರಿನ ಬೆಲೆ 100 ಅಂತ ಇಟ್ಟುಕೊಳ್ಳಿ. ಐದು ವರ್ಷಕ್ಕೆ ಶೇ 9ರಂತೆ 100 ಸಾಲ ತೆಗೆದರೆ ಕಟ್ಟುವ ಒಟ್ಟು ಬಡ್ಡಿ ಸುಮಾರು 24.5. ಅದೇ 100ನ್ನು ಶೇ 7ರ ಠೇವಣಿಯಲ್ಲಿ ಐದು ವರ್ಷ ಇಟ್ಟರೆ ಬರುವ ಬಡ್ಡಿ ಸುಮಾರು 41. ಕೊಟ್ಟಿದ್ದು 24.5, ಬಂದಿದ್ದು 41. ನೋಡಿದವರಿಗೆ ಲಾಭ ಅಂತಲೇ ಅನಿಸುತ್ತದೆ. ಎರಡೂ ಅಂಕಿ ಸರಿಯಾಗಿಯೇ ಇವೆ. ಆದರೆ ಶೇ 9ಕ್ಕೆ ತಂದು ಶೇ 7ಕ್ಕೆ ಇಟ್ಟವರು ಲಾಭ ಮಾಡುವುದು ಹೇಗೆ ಸಾಧ್ಯ ಹೇಳಿ?

ಮರೆತಿರುವುದು ಕಂತನ್ನು. ಪ್ರತಿ ತಿಂಗಳೂ ನಿಮ್ಮ ಸಂಬಳದಿಂದ ಸುಮಾರು 2.08ರಷ್ಟು ಕಂತು ಹೋಗುತ್ತಿರುತ್ತದೆ. ಅಸಲು ಕರಗುತ್ತಾ ಹೋಗುವುದರಿಂದಲೇ ಬಡ್ಡಿ ಕಡಿಮೆ ಕಾಣುವುದು. ಅದನ್ನು ಕರಗಿಸುತ್ತಿರುವುದು ನಿಮ್ಮದೇ ದುಡ್ಡು. ಈಗ ಇನ್ನೊಂದು ದಾರಿ ನೋಡಿ. ಕಾರಿಗೆ ಪೂರ್ತಿ ದುಡ್ಡು ಕೊಟ್ಟುಬಿಡಿ. ಸಾಲ ಇದ್ದಿದ್ದರೆ ಕಟ್ಟಬೇಕಿದ್ದ ಅದೇ ಕಂತನ್ನು ಪ್ರತಿ ತಿಂಗಳೂ ಶೇ 7ರ ಬಡ್ಡಿ ಬರುವ ಕಡೆ ಹಾಕುತ್ತಾ ಹೋಗಿ. ಐದು ವರ್ಷದ ಕೊನೆಗೆ ನಿಮ್ಮ ಹತ್ತಿರ 148ರಷ್ಟು ಇರುತ್ತದೆ. ಸಾಲ ಮಾಡಿ ಠೇವಣಿ ಇಟ್ಟಿದ್ದರೆ 141. ಠೇವಣಿಯ ಬಡ್ಡಿಗೆ ತೆರಿಗೆ ಬೀಳುವಂತಿದ್ದರೆ ಲೆಕ್ಕವನ್ನು ಅದನ್ನೂ ಕಳೆದೇ ಮಾಡಬೇಕು. ಶೋರೂಮಿನವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಸಾಲ ಮಾಡಿಸಿಕೊಟ್ಟರೆ ಮಾರುವವರಿಗೂ ಎಷ್ಟೋ ಕಡೆ ಕಮಿಷನ್ ಸಿಗುತ್ತದೆ. ಹಾಗಾಗಿ ಮೊದಲು ಕಾರಿನ ಬೆಲೆ ಒಂದನ್ನೇ ಮಾತಾಡಿ ಮುಗಿಸಿ. ದುಡ್ಡು ಹೇಗೆ ಕೊಡುತ್ತೀರಿ ಅನ್ನುವುದು ಆಮೇಲೆ.

ಅಂದರೆ ಲೆಕ್ಕದಲ್ಲಿ ನಿಮ್ಮವರು ಗೆದ್ದರು. ಆದರೆ ಈ ಮಾತನ್ನು ಅವರಿಗೆ ಓದಿ ಹೇಳುವ ಮೊದಲು ಮುಂದಿನದ್ದನ್ನೂ ಓದಿ.

ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ನೀವು ಸುಮ್ನೆ ಹೇಳಿ ಹೋದ ಎರಡು ವಿಷಯ. ಕಾರು ಕೊಂಡ ಮೇಲೆ ಉಳಿಯುವುದು ಎರಡು ತಿಂಗಳ ಖರ್ಚು. ನಿಮ್ಮದು ಗುತ್ತಿಗೆ ಕೆಲಸ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮುಂದಿನ ವರ್ಷ ಗುತ್ತಿಗೆ ನವೀಕರಣ ಆಗಲಿಲ್ಲ ಅಂತಿಟ್ಟುಕೊಳ್ಳಿ. ಅಥವಾ ಯಾರಿಗೋ ಆರೋಗ್ಯ ಕೆಟ್ಟಿತು. ಆಗ ನೀವು ಹೋಗುವುದು ವೈಯಕ್ತಿಕ ಸಾಲಕ್ಕೋ ಕ್ರೆಡಿಟ್ ಕಾರ್ಡಿಗೋ. ಅಡಮಾನ ಇಲ್ಲದ ಆ ಸಾಲಗಳ ಬಡ್ಡಿ ಸಾಮಾನ್ಯವಾಗಿ ಕಾರಿನ ಸಾಲಕ್ಕಿಂತ ಜಾಸ್ತಿಯೇ. ಕಾರು ಮಾರಿ ದುಡ್ಡು ಮಾಡಿಕೊಳ್ಳೋಣ ಎಂದರೆ ಅದೂ ಕಷ್ಟ. ಹೊಸ ಕಾರಿನ ಬೆಲೆ ಅತಿ ಜೋರಾಗಿ ಇಳಿಯುವುದು ಮೊದಲ ವರ್ಷದಲ್ಲಿ. ಶೇ 15ರಿಂದ 20ರಷ್ಟು ಹೋಗುವುದು ಸಾಮಾನ್ಯ. ಸಾಲಕ್ಕೆ ಹೆದರಿ ಇರೋ ದುಡ್ಡನ್ನೆಲ್ಲ ಕಾರಿಗೆ ಸುರಿದವರು ಕೊನೆಗೆ ಅದಕ್ಕಿಂತ ದುಬಾರಿ ಸಾಲಕ್ಕೇ ಕೈ ಚಾಚಬೇಕಾಗಬಹುದು. ಇಲ್ಲಿ ನಿಮ್ಮ ಅಳುಕು ಸರಿಯಾಗಿದೆ. ಅದಕ್ಕೆ ನೀವು ಕೊಟ್ಟ ಕಾರಣ ಮಾತ್ರ ಸರಿಯಿಲ್ಲ.

ಹಾಗಾಗಿ ನಾನು ಹೇಳುವುದು ಪೂರ್ತಿ ಸಾಲವೂ ಅಲ್ಲ, ಪೂರ್ತಿ ಕೈದುಡ್ಡೂ ಅಲ್ಲ. ಮೊದಲು ಮನೆಯ ಆರು ತಿಂಗಳ ಖರ್ಚನ್ನು ತೆಗೆದು ಬೇರೆ ಖಾತೆಗೆ ಹಾಕಿ. ಅದು ಕಾರಿನ ದುಡ್ಡಲ್ಲ, ಮುಟ್ಟಬೇಡಿ. ಮೊದಲ ವರ್ಷದ ವಿಮೆ, ನೋಂದಣಿಯ ಖರ್ಚನ್ನೂ ಎತ್ತಿಡಿ. ಬೆಲೆ ಕೇಳುವಾಗ ಇವನ್ನು ಎಷ್ಟೋ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಳಿದಿದ್ದನ್ನೆಲ್ಲ ಕಾರಿಗೆ ಕಟ್ಟಿ, ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಸಾಲ ತೆಗೆಯಿರಿ. ಅವಧಿ ಮೂರು ವರ್ಷಕ್ಕಿಂತ ಜಾಸ್ತಿ ಬೇಡ. ಬೆಲೆಯ 40ರಷ್ಟಕ್ಕೆ ಸಾಲ ಬೇಕಾಯಿತು ಅಂದುಕೊಂಡರೂ, ಶೇ 9ರಲ್ಲಿ ಮೂರು ವರ್ಷಕ್ಕೆ ಕೊಡುವ ಒಟ್ಟು ಬಡ್ಡಿ 6ನ್ನು ದಾಟುವುದಿಲ್ಲ. ಚೀಟಿಯಲ್ಲಿದ್ದ 24.5ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಆರು ತಿಂಗಳ ನೆಮ್ಮದಿಗೆ ಇಷ್ಟು ಕೊಡಬಹುದು ಅಂತ ನನಗನಿಸುತ್ತದೆ. ಕಂತು ಮಾತ್ರ ನಿಮ್ಮವರ ಸಂಬಳ ಒಂದರಿಂದಲೇ ಕಟ್ಟುವಂತಿರಬೇಕು. ನಿಮ್ಮ ಸಂಬಳವನ್ನು ನಂಬಿ ಕಂತು ಲೆಕ್ಕ ಹಾಕಬೇಡಿ. ನಿಮ್ಮ ದುಡಿಮೆ ಕಡಿಮೆ ಅಂತ ಅಲ್ಲ, ಅದು ಯಾವಾಗ ನಿಲ್ಲುತ್ತದೆ ಅಂತ ನಿಮಗೇ ಗೊತ್ತಿಲ್ಲ ಅಂತ.

ಏಳು ವರ್ಷಕ್ಕೆ ತೆಗೆದುಕೊಳ್ಳಿ, ಕಂತು ಹಗುರ ಅಂತ ಖಂಡಿತ ಯಾರಾದರೂ ಹೇಳುತ್ತಾರೆ. ಕಂತು ಹಗುರವೇ. ಆದರೆ 100ರ ಸಾಲಕ್ಕೆ ಶೇ 9ರಲ್ಲಿ ಬಡ್ಡಿಯೇ 35 ಆಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೈಯಿಂದ ಸ್ವಲ್ಪವೇ ಕಟ್ಟಿದ್ದರೆ, ಸಾಲ ಕರಗುವುದಕ್ಕಿಂತ ಬೇಗ ಕಾರಿನ ಬೆಲೆ ಕರಗುತ್ತದೆ. ಅಪಘಾತದಲ್ಲಿ ಕಾರು ಪೂರ್ತಿ ಹಾಳಾದರೆ, ಸಾಮಾನ್ಯ ವಿಮೆಯಲ್ಲಿ ಸಿಗುವುದು ಹಳೆಯದಾದ ಆ ಕಾರಿನ ಬೆಲೆ, ನಿಮ್ಮ ಸಾಲದ ಬಾಕಿಯಲ್ಲ. ಕಾರು ಇಲ್ಲ, ಕಂತು ಮಾತ್ರ ಇದೆ ಅನ್ನುವ ಸ್ಥಿತಿ ಬರುವುದು ಹೀಗೆ.

ಬಡ್ಡಿ ಕೇಳುವಾಗ ಒಂದು ಎಚ್ಚರಿಕೆ. ‘ಫ್ಲಾಟ್ ಶೇ 5’ ಅಂತ ಹೇಳಿದರೆ ಖುಷಿಪಡಬೇಡಿ. ಅಲ್ಲಿ ಕೊನೆಯ ಕಂತಿನವರೆಗೂ ಮೊದಲ ದಿನದ ಅಸಲಿಗೇ ಬಡ್ಡಿ ಹಾಕುತ್ತಾರೆ. ಐದು ವರ್ಷದ ಸಾಲಕ್ಕೆ ಅದು ಇಳಿಯುವ ಅಸಲಿನ ಲೆಕ್ಕದಲ್ಲಿ ಶೇ 9ಕ್ಕಿಂತ ಜಾಸ್ತಿಯೇ. ಬಡ್ಡಿಯೇ ಇಲ್ಲ ಅಂದರೂ ಅಷ್ಟೇ. ಒಟ್ಟಿಗೆ ಕೊಟ್ಟರೆ ಎಷ್ಟು ಬಿಡುತ್ತೀರಿ ಅಂತ ಕೇಳಿ. ಶೇ 8 ಬಿಡುತ್ತೇವೆ ಅಂದರೆ, ಆ ಮೂರು ವರ್ಷದ ‘ಬಡ್ಡಿ ಇಲ್ಲದ’ ಸಾಲಕ್ಕೆ ನೀವು ನಿಜವಾಗಿ ಶೇ 5.5ರ ಹತ್ತಿರ ಕೊಡುತ್ತಿದ್ದೀರಿ. ಏನೂ ಬಿಡುವುದಿಲ್ಲ, ಬೇರೆ ಶುಲ್ಕವೂ ಇಲ್ಲ ಅಂದರೆ ಮಾತ್ರ ಅದು ನಿಜವಾಗಿ ಬಡ್ಡಿಯಿಲ್ಲದ ಸಾಲ. ಆಗ ತೆಗೆದುಕೊಳ್ಳಿ, ಯೋಚಿಸಬೇಡಿ. ಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಇದೆಯಾ ಅಂತ ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ನಿಮ್ಮವರನ್ನು ಒಪ್ಪಿಸಲು ಆ ಕಾಗದ ಬೇಕಾಗುತ್ತದೆ.

ಇನ್ನು ನಿಮ್ಮವರ ವಿಷಯ. ಅವರಿಗೆ ಬಡ್ಡಿಯ ಭಯ ಇದ್ದಂತಿಲ್ಲ. ಚಿಕ್ಕಂದಿನಲ್ಲಿ ಮನೆಯಲ್ಲಿ ಕಂಡಿದ್ದರ ಭಯ ಇದೆ. ಅಂಥವರ ಮುಂದೆ ಲಾಭದ ಚೀಟಿ ಹಿಡಿದರೆ, ‘ನನ್ನ ಕಷ್ಟ ಇವಳಿಗೆ ಅರ್ಥವೇ ಆಗಲಿಲ್ಲ’ ಅಂತ ಇನ್ನೂ ಬಿಗಿಯಾಗುತ್ತಾರೆ. ಮಾವನಿಗೆ ಆಗಿದ್ದೇನು ಅಂತ ಕೇಳಿ. ಸಮಾಧಾನವಾಗಿ, ಕಾರಿನ ಮಾತು ತೆಗೆಯದೆ ಕೇಳಿ. ಬಹುಶಃ ಆಗ ಮನೆಯಲ್ಲಿ ಸಾಲವೂ ಇತ್ತು, ಕೈಯಲ್ಲಿ ಉಳಿತಾಯವೂ ಇರಲಿಲ್ಲ. ನಿಮ್ಮದು ಹಾಗಲ್ಲ ಅಂತ ಆಮೇಲೆ ಹೇಳಿ. ಬಾಕಿ ಇರುವ ಸಾಲ ಎಷ್ಟು, ಖಾತೆಯಲ್ಲಿರುವ ದುಡ್ಡು ಎಷ್ಟು, ಎರಡನ್ನೂ ಇಬ್ಬರೂ ನೋಡುವ ಜಾಗದಲ್ಲಿ ಬರೆದಿಡಿ. ಯಾವತ್ತು ಬೇಕಾದರೂ ತೀರಿಸಬಹುದಾದ ಸಾಲಕ್ಕೂ ತೀರಿಸಲಾಗದ ಸಾಲಕ್ಕೂ ತುಂಬಾ ವ್ಯತ್ಯಾಸ ಇದೆ, ಅಲ್ವಾ? ಅದು ಅವರಿಗೆ ಕಣ್ಣಿಗೆ ಕಾಣಬೇಕು. ಇಷ್ಟಾದ ಮೇಲೂ ‘ಬೇಡ, ನನಗೆ ನಿದ್ದೆ ಬರುವುದಿಲ್ಲ’ ಅಂದರೆ ಜಗ್ಗಾಡಬೇಡಿ. ಒಂದು ದರ್ಜೆ ಕೆಳಗಿನ ಕಾರು ನೋಡಿ, ಪೂರ್ತಿ ಕೈದುಡ್ಡಲ್ಲೇ ತನ್ನಿ, ಆರು ತಿಂಗಳ ಖರ್ಚೂ ಉಳಿಯಲಿ. ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಇಷ್ಟವಾದ ದಾರಿ ಇದೇ. ಆದರೆ ನೀವಿಬ್ಬರೂ ಈ ಕಾರನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಷ್ಟು ವರ್ಷ ಕೂಡಿಟ್ಟಿದ್ದೀರಿ. ಅದನ್ನು ಬಿಡಿ ಅನ್ನಲು ನಾನ್ಯಾರು?

ಹೆಸರಿನ ಪ್ರಶ್ನೆಗೆ ಉತ್ತರ ಸುಲಭ. ಸಾಲ ತೆಗೆದವರ ಹೆಸರಿಗೇ ಕಾರು ಇರಬೇಕೆಂದು ಸಾಲ ಕೊಡುವವರು ಸಾಮಾನ್ಯವಾಗಿ ಕೇಳುತ್ತಾರೆ. ಹಾಗಾಗಿ ಕಂತು ನಿಮ್ಮವರ ಸಂಬಳದಿಂದ ಹೋಗುವುದಾದರೆ ಕಾರೂ ಅವರ ಹೆಸರಲ್ಲೇ ಇರಲಿ. ಆರು ತಿಂಗಳ ದುಡ್ಡಿನ ಖಾತೆ ಮಾತ್ರ ಇಬ್ಬರ ಹೆಸರಲ್ಲೂ ಇರಲಿ, ಇಬ್ಬರಲ್ಲಿ ಯಾರೊಬ್ಬರು ಬ್ಯಾಂಕಿಗೆ ಹೋದರೂ ತೆಗೆಯಲು ಬರುವಂತೆ.