ಸಿಸ್ಕೊ ಬೇಡವೇ ಬೇಡ ಎನ್ನುವ ಮಾಲೀಕರಿಗೆ ಏನು ಹೇಳಲಿ?

ನಿಮ್ಮ ಪ್ರಶ್ನೆಯನ್ನು ನಾನು ಓದಿಕೊಂಡದ್ದು ಹೀಗೆ: ಪುಣೆ ಬಳಿಯ ಚಾಕಣದಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆ, ಮೂರು ಶೆಡ್ಡು, ಒಂದು ಕಚೇರಿ ಕಟ್ಟಡ. ಕಂಪ್ಯೂಟರು, ಯಂತ್ರಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಹಳೆಯ ನೆಟ್‌ವರ್ಕ್ ಸ್ವಿಚ್‌ಗಳನ್ನೆಲ್ಲ ಬದಲಿಸಬೇಕು. ಇವನ್ನು ಮಾಡುವ ದೊಡ್ಡ ಕಂಪನಿ ಸಿಸ್ಕೊ. ಮಾಲೀಕರು "ಸಿಸ್ಕೊ ಒಂದನ್ನು ಬಿಟ್ಟು ಯಾವುದನ್ನಾದರೂ ತನ್ನಿ, ಅವರಿಗೆ ಸೊಕ್ಕು ಜಾಸ್ತಿ" ಎನ್ನುತ್ತಾರೆ. ಇದು ಪೂರ್ವಗ್ರಹವೋ ವ್ಯವಹಾರಜ್ಞಾನವೋ ಎಂದು ಕೇಳಿದ್ದೀರಿ. ಭೋಸರಿ, ಚಾಕಣ, ರಾಂಜಣಗಾಂವ್ ಸುತ್ತಮುತ್ತ ಇದೇ ಕೆಲಸದಲ್ಲಿ ನನ್ನ ತಲೆ ನರೆತಿದೆ, ಹಾಗಾಗಿ ಹೇಳುತ್ತೇನೆ. ಬೆಲೆ ಮಾತಾಡುವ ತನಕ ನಿಮ್ಮ ಮಾಲೀಕರ ಮುನಿಸು ಹಣ ಉಳಿಸುತ್ತದೆ. ಯಾವ ಸ್ವಿಚ್ ಎಂದು ತೀರ್ಮಾನಿಸುವಾಗಲೂ ಅದೇ ಮುನಿಸು ಕುಳಿತಿದ್ದರೆ ಹಣ ತಿನ್ನುತ್ತದೆ.

ಮೊದಲು ಬೆಲೆ. ಒಂದೇ ಬ್ರ್ಯಾಂಡಿಗೆ ಪುಣೆಯ ಮೂವರು ಡೀಲರುಗಳಿಂದ ಕೊಟೇಶನ್ ತರಿಸಿ ಸ್ಪರ್ಧೆ ನಡೆಯಿತೆಂದು ಬೀಗುವವರನ್ನು ಬಹಳ ನೋಡಿದ್ದೇನೆ. ಅದು ಸ್ಪರ್ಧೆಯೇ ಅಲ್ಲ. ನಿಮ್ಮ ಕಾರ್ಖಾನೆಯ ಹೆಸರನ್ನು ಮೊದಲು ಕಂಪನಿಗೆ ತಿಳಿಸಿ ಡೀಲ್ ರಿಜಿಸ್ಟ್ರೇಷನ್ ಮಾಡಿಸಿದ ಡೀಲರನಿಗೆ ವಿಶೇಷ ದರ ಸಿಗುತ್ತದೆ. ಉಳಿದಿಬ್ಬರಿಗೆ ಸಾಮಾನ್ಯವಾಗಿ ಆ ದರ ಸಿಗುವುದಿಲ್ಲ. ಅವರು ಕಳಿಸುವುದು ಶೋಭೆಗೆ ಒಂದು ಕಾಗದ, ಅಷ್ಟೇ. ಈ ಪದ್ಧತಿ ದೊಡ್ಡ ಕಂಪನಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇದೆ. ಬೆಲೆ ನಿಜವಾಗಿ ಇಳಿಯುವುದು ಎದುರಿಗೆ ಬೇರೆ ಬ್ರ್ಯಾಂಡ್ ನಿಂತಾಗ, ನೀವು ಅದನ್ನು ಕೊಂಡೇಬಿಡುತ್ತೀರಿ ಎಂಬ ಭಯ ಮೊದಲನೆಯವನಿಗೆ ಹುಟ್ಟಿದಾಗ. "ಸಿಸ್ಕೊ ಬೇಡ" ಎಂದು ಊರಿಗೆಲ್ಲ ಸಾರಿದ ಮಾಲೀಕರು ಈ ಆಟಕ್ಕೆ ಹೇಳಿಮಾಡಿಸಿದವರು. ಆದರೆ ಸಿಸ್ಕೊವನ್ನು ಕರೆಯುವುದೇ ಇಲ್ಲ ಎಂದರೆ ಉಳಿದವರಿಗೆ ಯಾರ ಭಯ?

ಸೊಕ್ಕಿನ ಮಾತು ಪೂರ್ತಿ ಸುಳ್ಳಲ್ಲ. 2017ರಲ್ಲಿ ಬಂದ ಸಿಸ್ಕೊದ ಕ್ಯಾಟಲಿಸ್ಟ್ 9000 ಸರಣಿಯೊಂದಿಗೆ ಸ್ವಿಚ್ಚಿನ ಜೊತೆ ವರ್ಷಗಳ ಲೆಕ್ಕದ ಸಾಫ್ಟ್‌ವೇರ್ ಚಂದಾವನ್ನೂ ಹೊರಿಸುವ ರೂಢಿ ಶುರುವಾಯಿತು. ಚಂದಾ ಮುಗಿದರೂ ಸ್ವಿಚ್ ತನ್ನ ಮೂಲ ಕೆಲಸ ನಿಲ್ಲಿಸುವುದಿಲ್ಲ, ನಿಜ. ಅದೇ ಕಂಪನಿ 2012ರಲ್ಲಿ ಕೊಂಡ ಮೆರಾಕಿ ಎಂಬ ನೆಟ್‌ವರ್ಕ್ ಕಂಪನಿಯ ಹಳೆಯ ಲೈಸೆನ್ಸ್ ಪದ್ಧತಿ ಇನ್ನೂ ಬಿಗಿ: ಅವಧಿ ಮುಗಿದು 30 ದಿನಗಳ ರಿಯಾಯಿತಿಯೂ ಕಳೆದರೆ ಉಪಕರಣವೇ ಕೆಲಸ ನಿಲ್ಲಿಸುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂದು ಮಾಲೀಕರು ಸಿಡುಕಿದರೆ ತಪ್ಪೇನು? ಆದರೆ ಈ ಚಂದಾ ಈಗ ಎಲ್ಲರ ಅಂಗಡಿಯಲ್ಲೂ ಒಂದಲ್ಲ ಒಂದು ರೂಪದಲ್ಲಿದೆ. ಫೈಬರ್ ತಂತಿಯನ್ನು ಸ್ವಿಚ್ಚಿಗೆ ಜೋಡಿಸುವ ಫೈಬರ್ ಮಾಡ್ಯೂಲ್ ಬೇರೆಯವರದ್ದು ಚುಚ್ಚಿದರೆ ಒಪ್ಪದಿರುವ ಚಾಳಿಯೂ ಒಬ್ಬರದಲ್ಲ.

ಇನ್ನೊಂದು ವಿಷಯ, ದೊಡ್ಡವರಿಂದ ತಪ್ಪಿಸಿಕೊಳ್ಳುವುದು ಅಷ್ಟು ಸುಲಭವೂ ಅಲ್ಲ. ಎಚ್‌ಪಿ 2010ರಲ್ಲಿ 3ಕಾಮ್ ಎಂಬ ನೆಟ್‌ವರ್ಕ್ ಕಂಪನಿಯನ್ನು ನುಂಗಿತು, 2015ರಲ್ಲಿ ಅರುಬಾ ಎಂಬ ಇನ್ನೊಂದನ್ನು. ಸಿಸ್ಕೊ ಬೇಡವೆಂದೇ ಜುನಿಪರ್ ಹಿಡಿದವರಿದ್ದರಲ್ಲ, ಆ ಜುನಿಪರ್ ಅನ್ನು ಎಚ್‌ಪಿಯಿಂದ ಬೇರ್ಪಟ್ಟ ಎಚ್‌ಪಿಇ ಸುಮಾರು 14 ಶತಕೋಟಿ ಡಾಲರಿಗೆ ಕೊಂಡಿತು. ಅಮೆರಿಕದ ನ್ಯಾಯ ಇಲಾಖೆ 2025ರ ಜನವರಿಯಲ್ಲಿ ಇದರ ವಿರುದ್ಧ ದಾವೆ ಹೂಡಿ, ಜೂನ್‌ನಲ್ಲಿ ರಾಜಿಯಾಗಿ, ಜುಲೈನಲ್ಲಿ ಖರೀದಿ ಮುಗಿಯಿತು. ಚಿಕ್ಕವರೆಂದು ಪ್ರೀತಿಸಿದವರು ಮರುದಿನ ದೊಡ್ಡವರ ಮನೆಯಲ್ಲಿರುತ್ತಾರೆ.

"ಒಳಗಿನ ಚಿಪ್ ಎಲ್ಲರದೂ ಒಂದೇ, ಹೆಸರಿಗೆ ಯಾಕೆ ದುಡ್ಡು?" ಎಂದು ಯಾವನಾದರೂ ಡೀಲರ್ ಹೇಳಿದರೆ ಅರ್ಧ ನಂಬಿ. ಡೇಟಾ ಸೆಂಟರಿನ ಸ್ವಿಚ್‌ಗಳಲ್ಲಿ ಹಲವು ಕಂಪನಿಗಳ ಒಳಗೂ ಬ್ರಾಡ್‌ಕಾಮ್ ಚಿಪ್ ಇರುವುದು ಹೌದು. ಕ್ಯಾಟಲಿಸ್ಟ್ 9000ರಲ್ಲಿ ಸಿಸ್ಕೊ ತನ್ನದೇ ಚಿಪ್ ಹಾಕುತ್ತದೆ. ನಿಮ್ಮ ಶೆಡ್ಡಿಗೆ ಇದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಾಗದು.

ವ್ಯತ್ಯಾಸವಾಗುವುದು ಬೇರೆ ಬೇರೆ ಕಂಪನಿಯ ಸ್ವಿಚ್‌ಗಳನ್ನು ಬೆರಕೆ ಮಾಡಿದಾಗ, ಮತ್ತು ನಿಮಗೆ ಬೆರಕೆ ತಪ್ಪಿದ್ದಲ್ಲ, ಏಕೆಂದರೆ ಮೂರೂ ಶೆಡ್ಡನ್ನು ಒಂದೇ ದಿನ ಬದಲಿಸಲಾಗದು. ಒಂದೇ ಜಾಲವನ್ನು ಒಳಗೆ ಪಾಲು ಮಾಡಿದ ಒಂದೊಂದು ಭಾಗ ವಿಲ್ಯಾನ್; ಸಂದೇಶಗಳು ಸುತ್ತು ಹೊಡೆಯುತ್ತ (ಲೂಪ್) ಜಾಲವನ್ನು ಕಟ್ಟಿಹಾಕದಂತೆ ಹೆಚ್ಚುವರಿ ದಾರಿ ಮುಚ್ಚುವ ವ್ಯವಸ್ಥೆ ಸ್ಪ್ಯಾನಿಂಗ್ ಟ್ರೀ. ಸಿಸ್ಕೊ ಸ್ವಿಚ್‌ಗಳು ಹುಟ್ಟಿನಿಂದಲೇ ಪ್ರತಿ ವಿಲ್ಯಾನ್‌ಗೂ ಬೇರೆ ಬೇರೆ ಸ್ಪ್ಯಾನಿಂಗ್ ಟ್ರೀ ನಡೆಸುತ್ತವೆ. ಬೇರೆ ಕಂಪನಿಯ ಸ್ವಿಚ್ ಸಾಮಾನ್ಯವಾಗಿ ಐಇಇಇ ಸಂಸ್ಥೆಯ ಮಾನಕದ ಪ್ರಕಾರ ಇಡೀ ಜಾಲಕ್ಕೆ ಒಂದನ್ನೇ ನಡೆಸುತ್ತದೆ. ಇವೆರಡೂ ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ಮಾತಾಡುವುದು ವಿಲ್ಯಾನ್ 1ರಲ್ಲಿ ಮಾತ್ರ. ಉಳಿದ ವಿಲ್ಯಾನ್‌ಗಳ ಸಂದೇಶವನ್ನು ಆ ಪರಕೀಯ ಸ್ವಿಚ್ ಓದದೆ ಮುಂದಕ್ಕೆ ತಳ್ಳುತ್ತದೆ. ಸುರಕ್ಷತೆಯ ಹೆಸರಿನಲ್ಲಿ ಯಾರೋ ಬುದ್ಧಿವಂತರು ಸ್ವಿಚ್‌ಗಳ ನಡುವೆ ಹಲವು ವಿಲ್ಯಾನ್‌ಗಳನ್ನು ಹೊರುವ ಟ್ರಂಕ್ ಕೊಂಡಿಯಿಂದ ವಿಲ್ಯಾನ್ 1 ಅನ್ನು ತೆಗೆದಿದ್ದರಂತೂ ಆ ಒಂದು ಮಾತುಕತೆಯೂ ನಿಲ್ಲುತ್ತದೆ. ಆಮೇಲೆ ಎರಡು ಶೆಡ್ಡುಗಳ ನಡುವೆ ಕಟ್ಟಿದ ಎರಡನೆಯ ಫೈಬರ್ ಲೂಪ್ ಆಗಿ, ಸಿಎನ್‌ಸಿ ಯಂತ್ರಗಳೆಲ್ಲ ಸಂಪರ್ಕ ಕಳೆದುಕೊಂಡು, ಗೂಬೆ ಕೂರುವುದು ಹೊಸ ಬ್ರ್ಯಾಂಡಿನ ತಲೆಯ ಮೇಲೆ. "ಹೇಳಿರಲಿಲ್ಲವೇ, ಸಿಸ್ಕೊ ಬಿಟ್ಟು ಬೇರೆ ತಂದರೆ ಹೀಗೇ" ಎನ್ನುವ ಗುಂಪು ಹುಟ್ಟುವುದು ಇಲ್ಲಿಂದಲೇ, ಅದೂ ಪೂರ್ವಗ್ರಹವೇ. ಹೊಸತು ಯಾವುದೇ ಬರಲಿ, ಎಲ್ಲ ಸ್ವಿಚ್‌ಗಳಲ್ಲೂ ಎಂಎಸ್‌ಟಿಪಿ (ಸ್ಪ್ಯಾನಿಂಗ್ ಟ್ರೀಯ ಸಾಮಾನ್ಯ ಮಾನಕ) ಇಡಿ, ಆ ಟ್ರೀಗೆ ಬುಡವಾಗುವ ರೂಟ್ ಯಾವುದೆಂದು ಜಾಲದ ನಡುವಿನ ಕೋರ್ ಸ್ವಿಚ್ಚಿನಲ್ಲಿ ನೀವೇ ಬರೆಯಿರಿ. ಚಾಕಣದಲ್ಲಿ ಗುರುವಾರ ವಾರದ ರಜೆ ಇದ್ದೇ ಇದೆಯಲ್ಲ, ಬದಲಿಸುವ ಕೆಲಸ ಅಂದು ಇಟ್ಟುಕೊಳ್ಳಿ.

ಸುರಕ್ಷತೆಯ ವಾದವನ್ನು ಎರಡೂ ಕಡೆಯವರು ಎತ್ತುತ್ತಾರೆ, ಬಿಟ್ಟುಬಿಡಿ. 2023ರ ಅಕ್ಟೋಬರಿನಲ್ಲಿ ಸಿಸ್ಕೊದ ಐಒಎಸ್ ಎಕ್ಸ್‌ಇ ಸಾಫ್ಟ್‌ವೇರಿನಲ್ಲಿ ಅಪಾಯದ ಅಳತೆಯಲ್ಲಿ ಹತ್ತಕ್ಕೆ ಹತ್ತು ಅಂಕದ ದೋಷ ಸಿಕ್ಕಿತ್ತು. 2018ರ ವಿಪಿಎನ್‌ಫಿಲ್ಟರ್ ದಾಳಿಯಲ್ಲಿ ಮೈಕ್ರೋಟಿಕ್, ಟಿಪಿ-ಲಿಂಕ್, ನೆಟ್‌ಗೇರ್ ಎಲ್ಲರ ಉಪಕರಣಗಳೂ ಸಿಕ್ಕಿಬಿದ್ದಿದ್ದವು. ಸಾಫ್ಟ್‌ವೇರ್ ನವೀಕರಿಸುವವರು ನಿಮ್ಮಲ್ಲಿ ಯಾರು ಎಂದು ನೋಡಿಕೊಳ್ಳಿ, ಸಾಕು.

ನಾನಾಗಿದ್ದರೆ ಅಗತ್ಯಪಟ್ಟಿಯಲ್ಲಿ ಕಂಪನಿಯ ಹೆಸರನ್ನೇ ಬರೆಯುತ್ತಿರಲಿಲ್ಲ, ಯಾವ ಕಂಪನಿಯೂ ಪಾಲಿಸಬಲ್ಲ ಮಾನಕಗಳನ್ನಷ್ಟೇ ಬರೆಯುತ್ತಿದ್ದೆ: 802.1ಕ್ಯೂ, ಎಲ್‌ಎಸಿಪಿ, ಎಲ್‌ಎಲ್‌ಡಿಪಿ, ಓಎಸ್‌ಪಿಎಫ್, ವಿಆರ್‌ಆರ್‌ಪಿ. ಸಿಸ್ಕೊ ತಾನೇ ಹುಟ್ಟಿಸಿದ ಇಐಜಿಆರ್‌ಪಿ ಅಥವಾ ಎಚ್‌ಎಸ್‌ಆರ್‌ಪಿ ಎಂದು ಬರೆದಿರೋ, ಬಾಯಲ್ಲಿ ಹೇಳದೆಯೇ ಸಿಸ್ಕೊವನ್ನು ಆರಿಸಿದಂತೆ. ಕಾರ್ಖಾನೆಯಲ್ಲಿ ಒಂದು ಬಿಡಿ ಸ್ವಿಚ್ ಸದಾ ಇರಬೇಕೆಂಬ ಷರತ್ತನ್ನೂ ಸೇರಿಸಿ. ಮರುದಿನವೇ ಬದಲಿ ಕೊಡುತ್ತೇವೆ ಎಂಬ ಕರಾರು ನಾಸಿಕ್ ರಸ್ತೆಯ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ನಿಮಗೇ ಗೊತ್ತು. ಆ ಬ್ರ್ಯಾಂಡಿನ ಕಮಾಂಡು ಬಲ್ಲ ಹುಡುಗರು ಪಿಂಪ್ರಿ-ಚಿಂಚವಡದಲ್ಲಿ ಸಿಗುತ್ತಾರೆಯೇ ಎಂದೂ ವಿಚಾರಿಸಿ. ಸಿಸ್ಕೊದ ಪ್ರಮಾಣಪತ್ರವಾದ ಸಿಸಿಎನ್‌ಎ ಕಲಿತವರು ಇಲ್ಲಿ ಬೇಕಾದಷ್ಟಿದ್ದಾರೆ, ಸಿಸ್ಕೊದ ನಿಜವಾದ ಬಲ ಇದೇ. ನಿಮ್ಮ ಬಳಿ ಇರುವವನು ಇನ್ನೊಂದನ್ನು ಬಲ್ಲವನಾದರೆ ಆ ಬಲಕ್ಕೆ ಬೆಲೆಯಿಲ್ಲ.

ಸಿಸ್ಕೊ ಕೊಟೇಶನ್ ಕಂಡರೆ ಮಾಲೀಕರು ಹರಿದು ಹಾಕುತ್ತಾರೆ ಎಂದಿದ್ದೀರಿ. ಹೆಸರು ಮುಚ್ಚಿ ಅ, ಆ, ಇ ಎಂದು ಮೂರು ಸಾಲು ಮಾಡಿ. ಸ್ವಿಚ್, ಐದು ವರ್ಷದ ಚಂದಾ, ಫೈಬರ್ ಮಾಡ್ಯೂಲ್, ಬಿಡಿ ಸ್ವಿಚ್, ಎಲ್ಲವನ್ನೂ ಕೂಡಿಸಿ ಒಂದೊಂದೇ ಮೊತ್ತ ಬರೆಯಿರಿ. ಅವರು ಒಂದಕ್ಕೆ ಬೆರಳಿಟ್ಟ ಮೇಲೆ ಹೆಸರು ಹೇಳಿ.